ಉಡದಾರಕ್ಕೆ ಕಟ್ಟಿದ ಗಾಳ

ನಾನು ಚಿಕ್ಕವನಿದ್ದಾಗ ಕವಣೆ ಬೀಸುವುದರಲ್ಲಿ ನಮ್ಮೂರ ಹುಡುಗರಿಗೆಲ್ಲ ಮೊದಲಿಗ. ಹೊಲದ ಅಟ್ಟದ ಮೇಲೆ ನಿಂತು ಒಂದು ಕಲ್ಲು ಬಿಟ್ಟರೆ ಮೂರನೆಯ ಬದುವಿನಾಚೆ ಜೋಳದ ತೆನೆಗೆ ಜೋತುಬಿದ್ದ ಗುಬ್ಬಿಗಳೆಲ್ಲ ಭುರ್ರೆಂದು ಎದ್ದುಹೋಗುತ್ತಿದ್ದವು. ಇದನ್ನು ಜಂಬ ಕೊಚ್ಚಿಕೊಳ್ಳಲು ಹೇಳುತ್ತಿಲ್ಲ. ಸುಳ್ಳು ಯಾಕೆ, ಸ್ವಲ್ಪ ಜಂಬಕ್ಕೂ ಹೇಳುತ್ತಿದ್ದೇನೆ. ಆದರೆ ಅದೇ ಕವಣೆ ಒಂದು ದಿನ ನನ್ನ ಮಾನವನ್ನು ಹೊಳೆಗೆ ಹಾಕಿತು. ಅವತ್ತಿನ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಈಗ ಯಾಕೆ ಆ ದಿನ ನೆನಪಾಯಿತೆಂದರೆ, ನಮ್ಮ ಮೊಮ್ಮಗಳು ಎಂಟು ದಿನದಿಂದ ಮುಖ ಊದಿಸಿಕೊಂಡು ಓಡಾಡುತ್ತಿದ್ದಾಳೆ. ರಜೆಯಲ್ಲಿ ಅಪ್ಪ ಅಮ್ಮ ಅವಳನ್ನೂ ಅವಳ ತಮ್ಮನನ್ನೂ ಕಾರವಾರದ ಕಡಲಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಮರಳಿನ ಮೇಲೆ ನಿಂತ ಜನ ಉದ್ದನೆಯ ಕೋಲಿನಿಂದ ಗಾಳವನ್ನು ಅಲೆಗಳಾಚೆ ಎಸೆಯುತ್ತಿದ್ದುದನ್ನು ನೋಡಿ, ಹಟ ಹಿಡಿದು ತಾನೂ ಒಂದು ಕೋಲು ಕೊಡಿಸಿಕೊಂಡಳಂತೆ. ಎರಡು ದಿನ ಎಸೆದಳಂತೆ. ಸೀಸದ ಗುಂಡು ಪ್ರತಿ ಸಲವೂ ಅಲೆ ಒಡೆಯುವ ನೊರೆಯಲ್ಲೇ ಬಿದ್ದು, ತಿರುಗಿ ಅವಳ ಕಾಲಬುಡಕ್ಕೇ ಬಂದಿತಂತೆ. ಈಗ ಆ ಕೋಲು ಬೀದರಿನ ಮೈಲೂರ ಬಡಾವಣೆಯ ನಮ್ಮ ಮನೆಯಲ್ಲಿ ಅಲಮಾರಿನ ಹಿಂದೆ ಇದೆ. ಅದರ ಹೆಸರೆತ್ತಿದರೆ ಅವಳ ಕಣ್ಣು ಕೆಂಪಗಾಗುತ್ತದೆ. ಆ ಕೆಂಪು ಕಣ್ಣು ನನಗೆ ಚೆನ್ನಾಗಿ ಗೊತ್ತು.

ನಮ್ಮೂರು ಭಾಲ್ಕಿ ಕಡೆಯದು, ಮಾಂಜ್ರಾ ಹೊಳೆಯ ದಂಡೆಗೇ ಇತ್ತು. ಜೋಳದ ತೆನೆಗೆ ಹಾಲು ತುಂಬಿತೆಂದರೆ ಹಕ್ಕಿ ಕಾಯುವುದು ಮಕ್ಕಳ ಪಾಲಿನ ಕೆಲಸ. ಅದಕ್ಕೆ ಕವಣೆ ಬೇಕು. ಎರಡು ಹುರಿ, ನಡುವೆ ಕಲ್ಲು ಕೂಡುವಷ್ಟು ಹೆಣೆದ ಪಟ್ಟಿ, ಇಷ್ಟೇ ಕವಣೆ. ಒಂದು ಹುರಿಯ ತುದಿಯನ್ನು ಬೆರಳಿಗೆ ಸಿಕ್ಕಿಸಿ, ಇನ್ನೊಂದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ತಲೆಯ ಮೇಲೆ ಗರಗರ ತಿರುಗಿಸಿ, ಫಟ್ಟನೆ ಜಗ್ಗಿ ಬಿಡಬೇಕು. ಆ ಒಂದು ಝಟಕೆಯಲ್ಲೇ ಎಲ್ಲ ಇರುವುದು. ಕೆಲಸವಿಲ್ಲದಾಗ ಅದನ್ನು ಉಡದಾರಕ್ಕೆ, ಅಂದರೆ ಸೊಂಟಕ್ಕೆ ಕಟ್ಟಿದ ಕರಿದಾರಕ್ಕೆ, ಗಂಟು ಹಾಕಿ ತೂಗಬಿಡುತ್ತಿದ್ದೆವು. ಹಕ್ಕಿ ಬಂದಾಗ ಗಂಟು ಬಿಚ್ಚುತ್ತ ಕೂತರೆ ತೆನೆ ಖಾಲಿಯಾಗುತ್ತದಲ್ಲ, ಅದಕ್ಕೇ ಒಂದು ಸಲ ಎಳೆದರೆ ಸಾಕು, ಸರ್ರನೆ ಬಿಚ್ಚಿಕೊಳ್ಳುವಂಥ ಜಾರುಗಂಟು ಅದು. ನನಗೆ ಹಾಕಲು ಬರುತ್ತಿದ್ದುದು ಅದೊಂದೇ ಗಂಟು.

ಆ ವರ್ಷ ದಸರೆ ಮುಗಿದ ಮೇಲೆ ಅಕ್ಕ ಔರಾದಿನಿಂದ ತವರಿಗೆ ಬಂದಳು. ಬಸುರಿ ಅಕ್ಕ ಅಂದರೆ ಮೈಕೈ ತುಂಬಿಕೊಂಡು ಬರುತ್ತಾಳೆಂದು ನಾನು ಅಂದುಕೊಂಡಿದ್ದೆ. ಬಂದವಳು ಒಣಗಿದ ಜೋಳದ ದಂಟಿನ ಹಾಗಿದ್ದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ, ಬಾಗಿಲ ಕಟ್ಟೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಎರಡು ಸಲ ಕೂತಳು. ಒಗ್ಗರಣೆಯ ವಾಸನೆ ಬಂದರೆ ಸಾಕು, ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಅವ್ವ ಗಂಜಿ ಮಾಡಿಕೊಟ್ಟಳು, ಮಜ್ಜಿಗೆ ಅನ್ನ ಕಲಸಿಕೊಟ್ಟಳು, ರೊಟ್ಟಿಯನ್ನು ಹಾಲಲ್ಲಿ ನೆನೆಸಿಕೊಟ್ಟಳು. ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೂರನೆಯ ದಿನ ಊರಿನ ಸೂಲಗಿತ್ತಿ ಬಂದು ಅಕ್ಕನ ಕಣ್ಣಿನ ರೆಪ್ಪೆ ಎಳೆದು ನೋಡಿ, ‘ಹೊಟ್ಟಿಗಿ ಅನ್ನ ಬೀಳ್ಬೇಕ್ರಿ. ಹಿಂಗೇ ಆದ್ರ ಕೂಸು ಸೊರಗ್ತದ’ ಎಂದಳು. ಅವ್ವ ಒಲೆಯ ಮುಂದೆ ಕೂತು ಸದ್ದಿಲ್ಲದೆ ಅತ್ತಳು. ನನಗೆ ಹೆದರಿಕೆಯಾಯಿತು.

ಅವತ್ತು ರಾತ್ರಿ ಅಕ್ಕ ಗೋಡೆಗೆ ಒರಗಿಕೊಂಡು, ‘ಮಡವಿನ ಮೀನಿನ ಸಾರ ಒಂದೀಟ ಇದ್ರ ಉಣ್ತಿದ್ನೇನೋ’ ಎಂದಳು. ಅವಳು ಬಂದ ಮೇಲೆ ತಾನಾಗಿ ಕೇಳಿದ ಮೊದಲ ಊಟ ಅದು. ಹುಣಸೆಹುಳಿ ಹಿಂಡಿ ಅಪ್ಪ ಮಾಡುತ್ತಿದ್ದ ಮೀನಿನ ಸಾರು ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಾಣ. ದಂಡೆಯ ತೆಳುನೀರಿನ ಸಣ್ಣ ಮೀನು ಸಿಗುತ್ತಿತ್ತು, ಆದರೆ ಅದಕ್ಕೆ ಕೆಸರಿನ ವಾಸನೆ, ಅಕ್ಕನಿಗೆ ಆಗುತ್ತಿರಲಿಲ್ಲ. ದೊಡ್ಡ ಮೀನು ಇರುತ್ತಿದ್ದುದು ಆಚೆ ದಂಡೆಯ ಹುಣಸೆಮರದ ಕೆಳಗಿನ ಮಡುವಿನಲ್ಲಿ. ಮಳೆಗಾಲದ ಸೆಳೆತ ಇನ್ನೂ ಇಳಿದಿರಲಿಲ್ಲವಾದ್ದರಿಂದ ಯಾರೂ ನೀರಿಗೆ ಇಳಿಯುವಂತಿರಲಿಲ್ಲ. ಬಲೆ ಹಾಕುವವರು ಮೇಲಿನ ಊರುಗಳಿಗೆ ಹೋಗಿಬಿಟ್ಟಿದ್ದರು. ಈಚೆ ದಂಡೆಯಲ್ಲಿ ನಿಂತು ಅಷ್ಟು ದೂರಕ್ಕೆ ಗಾಳ ಎಸೆಯಬಲ್ಲವನು ಊರಲ್ಲಿ ಒಬ್ಬನೇ ಇದ್ದ. ಅದು ನಮ್ಮ ಅಪ್ಪ.

ಆದರೆ ಅಪ್ಪನ ಬಲಗೈ ಕೊರಳಿಗೆ ಕಟ್ಟಿದ ಧೋತರದ ತುಂಡಿನಲ್ಲಿ ಜೋತಾಡುತ್ತಿತ್ತು. ಹದಿನೈದು ದಿನದ ಹಿಂದೆ ಭಾಲ್ಕಿಯ ಸಂತೆಯಿಂದ ಬರುವಾಗ ಬಂಡಿಯ ಮೇಲಿಂದ ಬಿದ್ದು ರಟ್ಟೆಯ ಎಲುಬು ಮುರಿದುಕೊಂಡಿದ್ದ. ಬಗದಲ್ ಊರಿನ, ಎಲುಬು ಕಟ್ಟುವ ಮುದುಕರೊಬ್ಬರು ಬಿದಿರಿನ ದಬ್ಬೆ ಇಟ್ಟು, ತತ್ತಿಯ ಪಟ್ಟು ಹಾಕಿ ಬಿಗಿದು, ತಿಂಗಳ ತನಕ ಕೈ ಎತ್ತಬಾರದು ಎಂದು ತಾಕೀತು ಮಾಡಿದ್ದರು.

‘ನಾ ಒಗೀತೇನಿ ಬಿಡು. ಕವಣಿ ಬೀಸಿದಂಗೇ ಅಲ್ಲೇನು?’ ಎಂದೆ ನಾನು.

ಅಪ್ಪ ನನ್ನನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಅಕ್ಕ ಮಾತ್ರ ನಕ್ಕು, ‘ನನ್ನ ತಮ್ಮ ಬಿಲ್ಕುಲ್ ತರ್ತಾನ’ ಎಂದಳು. ಆ ಮಾತಿಗೆ ನನ್ನ ಎದೆ ಒಂದು ಗೇಣು ಉಬ್ಬಿತು.

ಬೆಳಗಾಗುವ ಹೊತ್ತಿಗೆ ನಾವಿಬ್ಬರೂ ಹೊಳೆಯ ದಂಡೆಯಲ್ಲಿದ್ದೆವು. ಹುಲ್ಲಿನ ಮೇಲೆ ಇಬ್ಬನಿ ಇತ್ತು, ನೀರಿನ ಮೇಲೆ ಹೊಗೆಯಂತೆ ಮಂಜು ಏಳುತ್ತಿತ್ತು. ಅಪ್ಪನ ಗಾಳಕ್ಕೆ ಕೋಲು ಇರಲಿಲ್ಲ. ಹೈದರಾಬಾದಿನಿಂದ ತರಿಸಿದ ನೈಲಾನ್ ದಾರ, ಎಪ್ಪತ್ತು ಮೊಳ. ಮಡುವಿಗೆ ಮುಟ್ಟಲು ಅಷ್ಟೇ ಬೇಕು, ಅಷ್ಟೇ ಇತ್ತು. ಊರಿನಲ್ಲಿ ಅಂಥ ದಾರ ಇನ್ನೊಂದಿರಲಿಲ್ಲ. ಅದರ ತುದಿಗೆ ಒಂದು ಸೀಸದ ಗುಂಡು. ಕಲಾಯಿ ಮಾಡುವವನಿಂದ ಸೀಸ ಇಸಿದುಕೊಂಡು, ಒದ್ದೆ ಮರಳಿನಲ್ಲಿ ಬೆರಳಿಂದ ಕುಳಿ ಮಾಡಿ, ಕರಗಿಸಿ ಸುರಿದು ಅಪ್ಪನೇ ಮಾಡಿಕೊಂಡದ್ದು. ಗುಂಡಿನ ಪಕ್ಕ ಗಾಳದ ಕೊಕ್ಕೆ, ಕೊಕ್ಕೆಗೆ ಎರೆಹುಳು. ದಾರವನ್ನು ಗೋಣಿತಟ್ಟಿನ ಮೇಲೆ ಸುರುಳಿ ಸುರುಳಿಯಾಗಿ ಸಡಿಲವಾಗಿ ಇಟ್ಟು, ಅದರ ಬಾಲವನ್ನು ಜಾಲಿಯ ಬುಡಕ್ಕೆ ಅಪ್ಪ ಎಡಗೈಯಿಂದಲೇ ಬಿಗಿದ.

ಮೊದಲ ಎಸೆತ ನನಗೆ ಚೆನ್ನಾಗಿ ನೆನಪಿದೆ. ಸೀಸವನ್ನು ತಲೆಯ ಮೇಲೆ ಗರಗರ ನಾಲ್ಕು ಸುತ್ತು ತಿರುಗಿಸಿ, ಹಲ್ಲು ಕಚ್ಚಿ, ಫಟ್ಟನೆ ಜಗ್ಗಿ ಬಿಟ್ಟೆ. ಗುಂಡು ಹತ್ತು ಮೊಳ ದೂರದಲ್ಲಿ ನೀರಿಗೆ ಬಡಿಯಿತು. ಕೊಕ್ಕೆಯಲ್ಲಿದ್ದ ಎರೆಹುಳು ಮಾತ್ರ ಝಟಕೆಗೆ ಹರಿದುಕೊಂಡು ಗುಂಡಿಗಿಂತ ಮುಂದೆ ಹಾರಿಹೋಯಿತು.

‘ಹುಳ ನಿನಗಿಂತ ಶಾಣ್ಯಾ ಅದ, ಅದೊಂದಾದ್ರೂ ಮಡವಿನ ಕಡಿ ಹೊಂಟಿತ್ತು’ ಎಂದ ಅಪ್ಪ.

ಎರಡನೆಯದು ನೆಟ್ಟಗೆ ಮುಗಿಲಿಗೆ ಹೋಗಿ ನಮ್ಮ ಹಿಂದೆ ಬಿತ್ತು. ಮುರಿದ ಕೈಯಿಟ್ಟುಕೊಂಡು ಅಪ್ಪ ಬಗ್ಗಿ ತಪ್ಪಿಸಿಕೊಂಡ. ಮೂರನೆಯದು ಜಾಲಿಗಿಡದ ಟೊಂಗೆಗೆ ಸುತ್ತಿಕೊಂಡಿತು. ಮುಳ್ಳಿನ ನಡುವೆ ಹತ್ತಿ ಅದನ್ನು ಬಿಡಿಸಿ ತರುವಷ್ಟರಲ್ಲಿ ಬಿಸಿಲು ಏರಿತ್ತು. ಆಮೇಲಿನವನ್ನು ನಾನು ಎಣಿಸಲಿಲ್ಲ. ದಾರ ಸಿಕ್ಕುಗಟ್ಟಿತು; ಗೋಣಿತಟ್ಟನ್ನು ಒದ್ದೆ ಮಾಡಿ ಅದರ ಮೇಲೆ ಹಾಸಬೇಕೆಂದು ಅಪ್ಪ ಆಗ ಹೇಳಿದ. ಮೊದಲೇ ಯಾಕೆ ಹೇಳಲಿಲ್ಲವೋ! ದಾರ ನನ್ನ ತೋರುಬೆರಳನ್ನು ಕೊಯ್ದಿತು. ಅಂಗಿಯ ಅಂಚು ಹರಿದು ಸುತ್ತಿಕೊಂಡೆ. ಒಮ್ಮೆ ಝಟಕೆಗೆ ದಾರವೇ ಹರಿಯಿತು. ಪುಣ್ಯಕ್ಕೆ ಗುಂಡು ತೆಳುನೀರಿನಲ್ಲೇ ಬಿದ್ದಿತ್ತು. ಹುಡುಕಿ ತಂದಾಗ ಅಪ್ಪ ಹಲ್ಲಿನಲ್ಲಿ ಒಂದು ತುದಿ, ಎಡಗೈಯಲ್ಲಿ ಇನ್ನೊಂದು ತುದಿ ಹಿಡಿದು ಗಂಟು ಹಾಕಿದ. ಆ ಗಂಟಿಗೆ ದಾರ ಇನ್ನೂ ಅರ್ಧ ಮೊಳ ಗಿಡ್ಡವಾಯಿತು.

ಅಪ್ಪ ಹೇಳಿಕೊಡಲಿಲ್ಲ ಎಂದಲ್ಲ. ಹೇಳುತ್ತಲೇ ಇದ್ದ. ಆದರೆ ಅಪ್ಪನ ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಒಂದು ಮಾತು ಹೇಳಿ, ಅದು ಸರಿಯಲ್ಲವೆನಿಸಿ, ಇನ್ನೊಂದು ಹೇಳುತ್ತಿದ್ದ.

‘ದಾರ ಮೊಣಕಾಲ ತನಕ ಇಳಿಬಿಡು. ಗೇಣುದ್ದ ಹಿಡಿದು ತಿರುಗಿಸಿದ್ರ ಅದು ಎಲ್ಲಿ ಹೋಗ್ಬೇಕು?’

ಮೊಣಕಾಲ ತನಕ ಇಳಿಬಿಟ್ಟೆ. ಗುಂಡು ನನ್ನ ಬೆನ್ನಿಗೇ ಬಂದು ಗುದ್ದಿತು.

‘ನಾಕ್ ಸುತ್ತ ಯಾಕ ತಿರುಗಿಸ್ತಿ? ಒಂದೇ ಸುತ್ತ ಸಾಕು. ನೀರ ನೋಡಬ್ಯಾಡ, ಆಚಿ ದಂಡಿ ಹುಣಸಿಗಿಡದ ತುದಿ ನೋಡು. ಮ್ಯಾಲ ಹೋಗಿದ್ದೇ ದೂರ ಬೀಳ್ತದ. ಮತ್ತ ಜಗ್ಗಿದಿ! ಜಗ್ಗಬ್ಯಾಡ ಅಂದ್ರ ಜಗ್ತಿ! ಮೊದಲ ಸಾವಕಾಶ, ಕಡೀಗಿ ಜೋರ. ಬಿಡ್ಬೇಕು, ಒಗೀಬಾರ್ದು.’

‘ಬಿಡೂದಂದ್ರ ಹ್ಯಾಂಗ? ಒಗೀದೇ ಹ್ಯಾಂಗ ಹೋಗ್ತದ?’

‘ಹೋಗ್ತದ. ಸೀಸಕ್ಕ ಹೋಗೂದು ಗೊತ್ತದ. ನೀ ಅಡ್ಡ ಬರಬ್ಯಾಡ.’

ಇಂಥ ಮಾತಿಗೆ ಏನು ಮಾಡಬೇಕು ಹೇಳಿ. ಹಕ್ಕಿಗಳನ್ನು ಓಡಿಸಿ ಓಡಿಸಿ ನನ್ನ ಮಣಿಕಟ್ಟು ಆ ಝಟಕೆಯನ್ನು ತಾನಾಗಿಯೇ ಕಲಿತುಬಿಟ್ಟಿತ್ತು. ಇಡೀ ಊರು ಹೊಗಳಿದ್ದ ಕೈ ಅದು. ಎಷ್ಟೇ ನಿಧಾನವಾಗಿ ಶುರು ಮಾಡಲಿ, ಬಿಡುವ ಹೊತ್ತಿಗೆ ಮಣಿಕಟ್ಟು ನನ್ನನ್ನು ಕೇಳದೆ ಫಟ್ಟೆನ್ನುತ್ತಿತ್ತು. ಗುಂಡು ಹೊಳೆಯ ನಡುವೆಯೂ ಮುಟ್ಟದೆ ಬುಳುಕ್ಕೆಂದು ಮುಳುಗುತ್ತಿತ್ತು. ಆ ಬುಳುಕ್ ಎನ್ನುವ ಸಪ್ಪಳ ನನ್ನನ್ನು ಅಣಕಿಸುತ್ತಿದೆ ಎಂದೇ ಅನಿಸುತ್ತಿತ್ತು. ಅತ್ತ ಮಡುವಿನಲ್ಲಿ ಆಗಾಗ ಒಂದು ದೊಡ್ಡ ಮೀನು ಮೇಲೆದ್ದು ಬಾಲ ಬಡಿಯುತ್ತಿತ್ತು. ಪ್ರತಿ ಸಲ ನನಗೆ ಅಕ್ಕನ ಬತ್ತಿದ ಮುಖ ಕಣ್ಣಿಗೆ ಕಟ್ಟುತ್ತಿತ್ತು.

ಮಧ್ಯಾಹ್ನ ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಬಿಚ್ಚಿದೆವು. ಹಿಂಡಿಯ ಖಾರ ಕೊಯ್ದ ಬೆರಳಿಗೆ ಹತ್ತಿ ಉರಿಯಿತು. ನಾನು ಜಾಲಿಗಿಡ ಅಡ್ಡ ಬರುತ್ತದೆ, ಗಾಳಿ ಎದುರಿಗೆ ಬೀಸುತ್ತದೆ, ಗುಂಡು ಹಗುರ ಇದೆ ಎಂದೆಲ್ಲ ಗೊಣಗಿದೆ. ಅಪ್ಪ ರೊಟ್ಟಿ ಅಗಿಯುತ್ತ, ‘ಕುಣಿಲಾಕ ಬರದವಳು ನೆಲ ಡೊಂಕ ಅಂದಳಂತ’ ಎಂದ. ನಾನು ಅರ್ಧ ರೊಟ್ಟಿ ಅಲ್ಲೇ ಬಿಟ್ಟು ಎದ್ದೆ.

ಆದರೂ ಗಿಡದ ಮಾತು ಅಪ್ಪನಿಗೂ ಸರಿ ಕಂಡಿರಬೇಕು. ದಂಡೆಗುಂಟ ಸ್ವಲ್ಪ ಮೇಲಕ್ಕೆ ಒಂದು ಕರಿಬಂಡೆ ನೀರಿನೊಳಕ್ಕೆ ಚಾಚಿಕೊಂಡಿತ್ತು. ಹಿಂದೆ ಗಿಡವಿಲ್ಲ, ಮಡುವೂ ನಾಲ್ಕು ಮೊಳ ಹತ್ತಿರ. ದಾರ, ಗೋಣಿತಟ್ಟು ಎಲ್ಲ ಎತ್ತಿಕೊಂಡು ಅಲ್ಲಿಗೆ ಹೋದೆವು. ಬಂಡೆಯ ಮೇಲೆ ದಾರದ ಬಾಲ ಕಟ್ಟಲು ಗಿಡವೂ ಇಲ್ಲ, ಗೂಟವೂ ಇಲ್ಲ.

‘ಬಾಲ ಉಡದಾರಕ್ಕ ಕಟ್ಟಗೋ’ ಎಂದು ಅಪ್ಪ ಹೇಳಿ, ದಂಡೆಯ ಕಲ್ಲಿನ ಮೇಲೆ ಕೂತ. ನಾನು ಉಡದಾರದಿಂದ ಕವಣೆಯನ್ನು ಬಿಚ್ಚಿ ಕೆಳಗಿಟ್ಟು, ಆ ಜಾಗದಲ್ಲಿ ದಾರದ ಬಾಲ ಕಟ್ಟಿಕೊಂಡೆ.

ಬಂಡೆಯ ಮೇಲೂ ಅದೇ ಕಥೆ. ಬಿಸಿಲಿಗೆ ಬಂಡೆ ಕಾದು ಅಂಗಾಲು ಸುಡುತ್ತಿತ್ತು. ಎರೆಹುಳು ಮುಗಿಯುತ್ತ ಬಂದವು. ಹತ್ತು, ಹನ್ನೆರಡು, ಹದಿನೈದು ಎಸೆತ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಕಾಲ ಬುಡಕ್ಕೆ. ಕೊನೆಗೆ ನನಗೆ ತಡೆಯಲಾಗಲಿಲ್ಲ. ಸೀಸವನ್ನು ಬಂಡೆಯ ಮೇಲೆ ಕುಕ್ಕಿ, ‘ನನ್ನ ಕೈಲಿ ಆಗಲ್ಲ! ನಿನಗ ಹೇಳ್ಲಿಕ್ಕೇ ಬರಲ್ಲ! ನೀನೇ ಒಗಿ!’ ಎಂದು ಕಿರುಚಿದೆ. ಅಪ್ಪನಿಗೆ ನಾನು ಹಾಗೆ ಎದುರಾಡಿದ್ದು ಅದೇ ಮೊದಲು.

ಕಪಾಳಕ್ಕೆ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಎದ್ದು ಬಂದು ಸೀಸವನ್ನು ಎಡಗೈಯಲ್ಲಿ ಎತ್ತಿಕೊಂಡಿದ್ದ. ಒಂದು ಕಾಲು ಹಿಂದಿಟ್ಟು, ಹುಣಸೆಮರದ ತುದಿ ನೋಡಿ, ಒಂದು ಸುತ್ತು ತಿರುಗಿಸಿ ಬಿಟ್ಟ. ಸುತ್ತಲಿನ ಹತ್ತು ಊರಿಗೆ ಹೆಸರಾದ ಅಪ್ಪನ ಗುಂಡು ಬಂಡೆಯಿಂದ ಮೂರು ಮಾರು ದೂರದಲ್ಲಿ ಬುಳುಕ್ಕೆಂದಿತು. ಸಾಲದ್ದಕ್ಕೆ ಆ ತಿರುವಿಗೆ ಬಲರಟ್ಟೆ ಅಲುಗಿ, ಅಪ್ಪ ತುಟಿ ಕಚ್ಚಿ ಹಾಗೇ ಕೂತುಬಿಟ್ಟ. ಹಣೆಯ ಮೇಲೆ ಬೆವರು ಮೂಡಿತ್ತು. ‘ಥೂ ಇದರ ಕೈ’ ಎಂದು ತನ್ನ ಎಡಗೈಯನ್ನೇ ಬೈದುಕೊಂಡ.

ಆಗ ನನಗೆ ತಿಳಿಯಿತು, ಬೆಳಗಿನಿಂದ ಸಿಟ್ಟು ಬಂದದ್ದು ನನಗೊಬ್ಬನಿಗೇ ಅಲ್ಲ. ಮಗಳು ಒಂದು ತುತ್ತು ಕೇಳಿದ್ದಾಳೆ, ತನಗೆ ಚೆನ್ನಾಗಿ ಬರುವ ಕೆಲಸ, ಕೈ ಮಾತ್ರ ಇಲ್ಲ. ಹತ್ತು ವರ್ಷದ ಹುಡುಗನ ಕೈ ನಂಬಿ ಕೂತಿದ್ದಾನೆ, ಆ ಹುಡುಗ ಹೇಳಿದ ಮಾತು ಕೇಳುತ್ತಿಲ್ಲ. ಅಪ್ಪನ ಮುಖ ನೋಡಲು ನನಗೆ ಆಗಲಿಲ್ಲ. ಸುಮ್ಮನೆ ದಾರ ಎಳೆದು, ಸುರುಳಿ ಮಾಡಿ ಒದ್ದೆ ತಟ್ಟಿನ ಮೇಲೆ ಹಾಸಿದೆ. ಡಬ್ಬಿಯಲ್ಲಿ ಒಂದೇ ಹುಳು ಉಳಿದಿತ್ತು. ಅದನ್ನು ಕೊಕ್ಕೆಗೆ ಸಿಕ್ಕಿಸಿದೆ.

ಹೊತ್ತು ಇಳಿಯುತ್ತಿತ್ತು. ಗಾಳಿ ನಿಂತಿತ್ತು. ನನ್ನ ತೋಳಿನಲ್ಲಿ ಒಂದಿಷ್ಟೂ ಕಸುವು ಉಳಿದಿರಲಿಲ್ಲ. ಮಣಿಕಟ್ಟು ಜಗ್ಗುತ್ತೇನೆಂದರೂ ಜಗ್ಗುವ ಸ್ಥಿತಿಯಲ್ಲಿರಲಿಲ್ಲ. ಮೊಣಕಾಲ ತನಕ ದಾರ ಇಳಿಬಿಟ್ಟೆ. ಹುಣಸೆಮರದ ತುದಿ ನೋಡಿದೆ. ಸೀಸವನ್ನು ಹಿಂದಕ್ಕೆ ತೂಗಿ, ಒಂದು ಸುತ್ತು ಬರಲು ಬಿಟ್ಟೆ. ಅದು ತನ್ನ ಭಾರಕ್ಕೆ ತಾನೇ ಸುತ್ತಿ ಬಂತು. ಭುಜದ ಮುಂದೆ ಬಂದಾಗ ಬೆರಳು ಸಡಿಲ ಬಿಟ್ಟೆ. ಒಗೆಯಲಿಲ್ಲ, ಬಿಟ್ಟೆ ಅಷ್ಟೆ.

ಏನೂ ಮಾಡಿಲ್ಲ ಎನ್ನುವಷ್ಟು ಹಗುರವಾಗಿ ಅದು ಹೋಯಿತು. ಕಾಲಬಳಿಯ ಸುರುಳಿಗಳು ಒಂದೊಂದಾಗಿ ಸರಸರ ಎದ್ದು ಹೋದವು. ಗುಂಡು ಸಂಜೆಯ ಬಿಸಿಲಿನಲ್ಲಿ ಒಮ್ಮೆ ಮಿನುಗಿ, ಹೊಳೆಯ ನಡುವನ್ನು ದಾಟಿ, ತೆಳುನೀರೆಲ್ಲ ದಾಟಿ, ಹುಣಸೆಮರದ ನೆರಳಿನ ಕಪ್ಪು ನೀರಿಗೆ ಇಳಿಯಿತು. ಬುಳುಕ್ ಎನ್ನುವ ಸಪ್ಪಳ ಈ ಸಲ ಅಣಕಿಸಲಿಲ್ಲ. ಬಹಳ ದೂರದಿಂದ, ತಡವಾಗಿ ಕೇಳಿಸಿತು.

ಅದೇ ಹೊತ್ತಿಗೆ ನನ್ನ ಸೊಂಟಕ್ಕೆ ಯಾರೋ ಮೆತ್ತಗೆ ಎಳೆದಂತಾಯಿತು. ಬಗ್ಗಿ ನೋಡಿದೆ. ಕೊನೆಯ ಸುರುಳಿಯೂ ಮುಗಿದು ದಾರ ಬಿಗಿಯಾಗಿತ್ತು. ಉಡದಾರಕ್ಕೆ ನಾನು ಹಾಕಿದ್ದು ಕವಣೆಯ ಗಂಟು. ನನಗೆ ಬರುತ್ತಿದ್ದ ಆ ಒಂದೇ ಗಂಟು, ಒಂದು ಸಲ ಎಳೆದರೆ ಸರ್ರನೆ ಬಿಚ್ಚುವಂಥದ್ದು. ಬೆಳಗಿನಿಂದ ಒಂದು ಎಸೆತವೂ ದಾರದ ಕೊನೆ ಮುಟ್ಟಿರಲಿಲ್ಲವಾದ್ದರಿಂದ ಅದು ಬಿಚ್ಚಿರಲಿಲ್ಲ. ಈಗ ಬಿಚ್ಚಿತು. ದಾರದ ಬಾಲ ನನ್ನ ಕಣ್ಣೆದುರಿಗೇ ಬಂಡೆಯ ಮೇಲಿಂದ ಹರಿದು, ನೀರಿನ ಮೇಲೆ ಒಂದು ಗೆರೆ ಎಳೆದು, ಸೆಳೆತಕ್ಕೆ ಸಿಕ್ಕಿ ಮಾಯವಾಯಿತು. ನಾನು ಹಿಡಿಯಲೆಂದು ಬಂಡೆಯ ಅಂಚಿಗೆ ಜಿಗಿದೆ. ಅಪ್ಪ ಎಡಗೈಯಿಂದ ನನ್ನ ಉಡದಾರ ಹಿಡಿದು ಹಿಂದಕ್ಕೆ ಎಳೆದ. ಆ ದಾರ ಮಾತ್ರ ಗಟ್ಟಿ ಇತ್ತು.

ಹೈದರಾಬಾದಿನ ದಾರ ಹೋಯಿತು. ಅಪ್ಪ ಮಾಡಿದ ಸೀಸ ಹೋಯಿತು. ಕೊನೆಯ ಹುಳುವೂ ಹೋಯಿತು. ಅಕ್ಕನ ಮೀನು ಮಡುವಿನಲ್ಲೇ ಉಳಿಯಿತು. ನಾನು ಬಂಡೆಯ ಮೇಲೆ ಕೂತು, ಮೂಗು ಬಾಯಿ ಒಂದು ಮಾಡಿಕೊಂಡು ಅತ್ತೆ. ದುಃಖಕ್ಕಿಂತ ಸಿಟ್ಟಿಗೇ ಹೆಚ್ಚು ಅತ್ತೆ. ಕವಣೆಯನ್ನು ಎತ್ತಿ ಹೊಳೆಗೆ ಎಸೆಯಲು ಹೋದೆ. ಅಪ್ಪ ಅದನ್ನು ಕೈಯಿಂದ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ಬಹಳ ಹೊತ್ತು ಹುಣಸೆಮರದ ಕಡೆಗೇ ನೋಡುತ್ತಿದ್ದ. ಆಮೇಲೆ ಒಂದೇ ಮಾತು ಹೇಳಿದ.

‘ಬಿತ್ತು.’

ಮಡುವಿನಲ್ಲಿ ಬಿತ್ತು, ಬೀಳಬೇಕಾದಲ್ಲೇ ಬಿತ್ತು ಎಂದು ಅರ್ಥ. ಬೆಳಗಿನಿಂದ ಬೈಗುಳವನ್ನೇ ಕೇಳಿದ್ದ ನನಗೆ ಅಪ್ಪ ಕೊಟ್ಟ ಶಹಬ್ಬಾಸ್‌ಗಿರಿ ಅಷ್ಟೇ. ಆವತ್ತು ಅದು ಬೇಕೂ ಆಗಿರಲಿಲ್ಲ. ಮೀನಿಲ್ಲದೆ ಆ ಮಾತು ಯಾಕೆ ಎಂದು ಇನ್ನೂ ಜೋರಾಗಿ ಅತ್ತೆ.

ಮನೆಗೆ ಬಂದಾಗ ಅಕ್ಕ ಕಟ್ಟೆಯ ಮೇಲೆ ದಾರಿ ಕಾಯುತ್ತಿದ್ದಳು. ‘ಮೀನ ಸಿಕ್ತೇನೋ ತಮ್ಮಾ?’ ಎಂದಳು. ನಾನು ಅಪ್ಪನ ಹಿಂದೆ ಸರಿದೆ. ಅಪ್ಪನೇ ಎಲ್ಲ ಹೇಳಿದ. ಹುಳು ಗುಂಡಿಗಿಂತ ಮುಂದೆ ಹೋದದ್ದು, ಬೆನ್ನಿಗೆ ಗುದ್ದಿಸಿಕೊಂಡದ್ದು, ತಾನೇ ಎಸೆದು ಮೂರು ಮಾರಿಗೆ ಬಿದ್ದದ್ದನ್ನೂ ಬಿಡಲಿಲ್ಲ. ಉಡದಾರದ ಗಂಟಿನ ಹತ್ತಿರ ಬರುವಾಗ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ, ಬಿಕ್ಕಳಿಕೆ ಹತ್ತುವ ತನಕ ನಕ್ಕಳು. ಒಳಗಿಂದ ಅವ್ವ ಹೆದರಿ ಓಡಿ ಬಂದಳು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, ‘ಯವ್ವಾ, ಹಸಿವಾಗ್ಲತ್ತದ. ಒಂದೀಟ ರೊಟ್ಟಿ ಕೊಡು, ಪುಂಡಿಪಲ್ಯ ಇದ್ರ ನೋಡು’ ಎಂದಳು.

ಒಂದು ರೊಟ್ಟಿ ತಿಂದಳು. ಇನ್ನೊಂದನ್ನು ಕೇಳಿ ಹಾಕಿಸಿಕೊಂಡಳು. ಅವ್ವ ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತಿದ್ದಳು. ತಿಂದದ್ದು ಹೊಟ್ಟೆಯಲ್ಲೇ ನಿಂತಿತು. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ನನಗೂ ಸಂತೋಷವಾಗಬೇಕಿತ್ತು, ಆಗಲಿಲ್ಲ. ಪುಂಡಿಪಲ್ಯ ಸಾಕಾಗಿದ್ದರೆ ನನ್ನ ಬೆರಳು ಯಾಕೆ ಕೊಯ್ದುಕೊಂಡೆ, ಅಪ್ಪನ ದಾರ ಯಾಕೆ ಹೋಯಿತು ಎಂದು ಹೊಟ್ಟೆ ಉರಿದುಹೋಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅಕ್ಕ ಬಂದು ಪಕ್ಕದಲ್ಲಿ ಕೂತು, ನನ್ನ ಕೊಯ್ದ ಬೆರಳಿಗೆ ಅರಿಶಿನ ಹಚ್ಚುತ್ತ, ‘ನಾಳಿ ತರ್ತಿ ಬಿಡು’ ಎಂದಳು.

ಆ ನಾಳೆ ಬರಲೇ ಇಲ್ಲ. ಅಂಥ ದಾರ ಮತ್ತೆ ಸಿಗುವ ಹೊತ್ತಿಗೆ ಅಕ್ಕ ಔರಾದಿಗೆ ಹೋಗಿಯಾಗಿತ್ತು. ಆಮೇಲೆ ನಾನು ದೊಡ್ಡವನಾಗಿ ಬೀದರಿಗೆ ಬಂದೆ, ಊರಾಚೆಯ ಕೊಳಾರದ ಕಾರಖಾನೆಯಲ್ಲಿ ಕೆಲಸ ಮಾಡಿದೆ, ಕೂದಲು ಬೆಳ್ಳಗಾಯಿತು. ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಪ್ರತಿ ರವಿವಾರ ಫೋನು ಮಾಡುತ್ತಾಳೆ, ಮಾತು ಶುರುವಾಗುವುದು ಒಂದೇ ಪ್ರಶ್ನೆಯಿಂದ: ‘ಮೀನ ಸಿಕ್ತೇನೋ ತಮ್ಮಾ?’ ನಾನೂ ‘ನಾಳಿ ತರ್ತೇನಿ’ ಎನ್ನುತ್ತೇನೆ. ಅವತ್ತು ಅವಳ ಹೊಟ್ಟೆಯಲ್ಲಿದ್ದ ಕೂಸಿಗೇ ಈಗ ಮೊಮ್ಮಕ್ಕಳಾಗಿದ್ದಾರೆ.

ಮೊನ್ನೆ ರವಿವಾರ ಫೋನು ಎತ್ತಿದ್ದು ನಮ್ಮ ಮೊಮ್ಮಗಳು. ಎತ್ತಿದವರು ಯಾರೆಂದು ವಿಚಾರಿಸದೆ ಅಕ್ಕ ತನ್ನ ಪ್ರಶ್ನೆ ಕೇಳಿಬಿಟ್ಟಳು. ಹುಡುಗಿಗೆ ಎಲ್ಲಿತ್ತೋ ಸಿಟ್ಟು, ‘ಇಲ್ಲ ಅಜ್ಜಿ, ಸಮುದ್ರದಾಗೂ ಸಿಗಲಿಲ್ಲ!’ ಎಂದಳು.

ಅತ್ತ ಕಡೆಯಿಂದ ಅಕ್ಕ ಕೇಳಿದಳು, ‘ಬಾಲ ಗಟ್ಟಿ ಕಟ್ಟಿದ್ದಿಲ್ಲ?’

‘ಅದು ರೀಲಿಗೆ ಕಟ್ಟೇ ಇರ್ತದ ಅಜ್ಜಿ.’

‘ಹಂಗಾದ್ರ ಇನ್ನೇನು. ನಾಳಿ ಸಿಗ್ತದ ಬಿಡು.’

ಹುಡುಗಿ ಹೇಳಿದ್ದು ನಿಜ. ಮೊಮ್ಮಗಳ ದಾರದ ಬಾಲವನ್ನು ಅಂಗಡಿಯವರೇ ರೀಲಿಗೆ ಬಿಗಿದು ಕೊಟ್ಟಿದ್ದಾರೆ. ದಾರ ಎಪ್ಪತ್ತು ಮೊಳವಲ್ಲ, ಅದರ ನಾಲ್ಕರಷ್ಟಾದರೂ ಇದೆ. ಹರಿದರೆ ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಬೇಕಿಲ್ಲ, ಇನ್ನೊಂದು ಮನೆಬಾಗಿಲಿಗೇ ಬರುತ್ತದೆ. ಹೇಗೆ ಎಸೆಯಬೇಕೆಂದು ತೋರಿಸಲು ಅವಳ ಫೋನಿನಲ್ಲಿ ನೂರು ಜನ ಇದ್ದಾರೆ, ಅವರೆಲ್ಲ ನಮ್ಮ ಅಪ್ಪನಿಗಿಂತ ಚೆನ್ನಾಗಿ ಮಾತಾಡುತ್ತಾರೆ. ಅವಳು ನೋಡಿದ ಸಮುದ್ರವನ್ನು ನಾನು ಇವತ್ತಿನ ತನಕ ನೋಡಿಲ್ಲ. ಆದರೆ ಮಣಿಕಟ್ಟಿನ ಝಟಕೆ ಮಾತ್ರ ಅದೇ. ಅವಳು ನಮ್ಮ ಓಣಿಯಲ್ಲಿ ಕ್ರಿಕೆಟ್ ಆಡುವವರ ಪೈಕಿ ಎಲ್ಲರಿಗಿಂತ ಜೋರಾಗಿ ಚೆಂಡು ಒಗೆಯುತ್ತಾಳೆ. ಆ ಹೊಗಳಿಸಿಕೊಂಡ ಕೈಯೇ ಅವಳಿಗೆ ಅಡ್ಡ ಬರುತ್ತಿದೆ.

ಫೋನು ಇಟ್ಟವಳು ಅಲಮಾರಿನ ಹಿಂದಿನಿಂದ ಕೋಲನ್ನು ತೆಗೆದಳು. ಈಗ ದಿನಾ ಸಾಯಂಕಾಲ ಮನೆಯ ಹಿಂದಿನ ಬಯಲಿನಲ್ಲಿ ಕೊಕ್ಕೆ ತೆಗೆದು, ದಾರಕ್ಕೆ ಒಂದು ನಟ್ಟು ಕಟ್ಟಿ ಎಸೆಯುತ್ತಾಳೆ. ದೂರದಲ್ಲಿ ಒಂದು ಬೇವಿನಮರ ಇದೆ, ಅದೇ ಅವಳ ಮಡು. ನಾನು ಕಲ್ಲಿನ ಮೇಲೆ ಕೂತು, ‘ಒಗೀಬ್ಯಾಡ, ಬಿಡು’ ಎನ್ನುತ್ತೇನೆ. ‘ಬಿಡೂದಂದ್ರ ಹ್ಯಾಂಗ ಅಜ್ಜಾ?’ ಎಂದು ಅವಳು ಕಾಲು ನೆಲಕ್ಕೆ ಬಡಿಯುತ್ತಾಳೆ. ತೋರಿಸೋಣವೆಂದರೆ ನನ್ನ ಬಲಭುಜ ಈಗ ಮೇಲೇಳುವುದಿಲ್ಲ. ಹೇಳೋಣವೆಂದರೆ ಅಪ್ಪನಿಗೆ ಸಿಗದ ಮಾತು ನನಗೂ ಸಿಗುತ್ತಿಲ್ಲ. ಇಬ್ಬರೂ ಸಿಟ್ಟು ಮಾಡಿಕೊಂಡು ಮನೆಗೆ ಬರುತ್ತೇವೆ.

ನಿನ್ನೆ ಬೇವಿನಮರಕ್ಕೆ ಆರು ಹೆಜ್ಜೆ ಕಡಿಮೆ ಬಿತ್ತು. ಆರೇ ಹೆಜ್ಜೆ. ಅಪ್ಪ ಆ ಬಂಡೆಯ ಮೇಲೆ ಹೇಳಿದ ಒಂದು ಮಾತನ್ನು ನಾನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದೇನೆ. ಹೇಳುವ ಹೊತ್ತು ಇನ್ನೂ ಬಂದಿಲ್ಲ. ಇವತ್ತು ಸಾಯಂಕಾಲವೂ ಹೋಗಿ ಕೂಡುತ್ತೇನೆ.